ಅರ್ಧ ಉಸಿರಿನ ದಿನಗಳು

ಶಾಲೆ ಶುರುವಾಗುವ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ನನ್ನ ಟೈಲರ್ ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹೋದ ವರ್ಷ ಒಂದು ತಿಂಗಳು ಬಿಡದೆ ಸಮವಸ್ತ್ರ ಹೊಲಿದ ಮೇಲೆ ಎಡಪಕ್ಕೆಯಲ್ಲಿ ಏನೋ ಹಿಡಿದುಕೊಂಡಿತು. ಉಸಿರು ಜೋರಾಗಿ ಎಳೆದರೆ ಚುಚ್ಚುತ್ತಿತ್ತು. ನನ್ನ ಅಣ್ಣ ಹೀಗೇ ಎದೆ ಹಿಡಿದುಕೊಂಡು, "ಗ್ಯಾಸ್ ಆಗೇತಿ" ಎನ್ನುತ್ತಲೇ ತೀರಿಹೋಗಿದ್ದ. ಆಗ ಅವನಿಗೆ ನನ್ನ ಈಗಿನ ವಯಸ್ಸು. ನಾನು ಯಾರಿಗೂ ಹೇಳದೆ ಅರ್ಧರ್ಧ ಉಸಿರಿನಲ್ಲೇ ದಿನ ನೂಕಿದೆ.

ಗುರುತಿಸಿದವರು ಅಣ್ಣನ ಹೆಂಡತಿ. ನಮ್ಮ ಮನೆಯಲ್ಲೇ ಇದ್ದಾರೆ, ನನ್ನ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ಅವರದು.

"ಎದಿ ಯಾಕ ಒತ್ತಿಕೊಳ್ಳಾಕತ್ತೀಯಪ್ಪ?"

"ಏನಿಲ್ಲ ಅತ್ತಿಗೀ, ಗ್ಯಾಸ್."

ಆ ಮಾತು ಕೇಳಿದ್ದೇ ಅವರು ಕೈಯಲ್ಲಿದ್ದ ಅಂಗಿ ಕೆಳಗಿಟ್ಟರು. ಎದ್ದವರೇ ಅಂಗಡಿಯ ಷಟರ್ ಎಳೆದರು.

ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿ ಬಂತು. ಬಗ್ಗಿ ಬಗ್ಗಿ ಎದೆಯ ಸ್ನಾಯು ಬಿಗಿದಿದೆ ಎಂದ ವೈದ್ಯರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹೆಣ್ಣುಮಗಳು ಎರಡು ವ್ಯಾಯಾಮ ಹೇಳಿಕೊಟ್ಟಳು. ಬಾಗಿಲ ಚೌಕಟ್ಟಿಗೆ ಎರಡೂ ಮೊಣಕೈ ಭುಜದ ಮಟ್ಟದಲ್ಲಿ ಆನಿಸಿ, ಒಂದು ಹೆಜ್ಜೆ ಮುಂದಿಟ್ಟು ಎದೆ ಹಿಗ್ಗಿಸುವುದು. ಆಮೇಲೆ ಎಡಗೈಯನ್ನು ತಲೆಯ ಮೇಲೆ ಚಾಚಿ ಬಲಕ್ಕೆ ಬಾಗಿ, ನಿಧಾನ ಉಸಿರು ತುಂಬುವುದು.

"ಎಳದಂಗ ಅನ್ನಿಸ್ಬೇಕು. ನೋವಾದ್ರ ಬಿಟ್ಟುಬಿಡ್ರಿ."

ಮನೆಯಲ್ಲಿ ಚೌಕಟ್ಟಿಗೆ ಕೈ ಆನಿಸಿದೆ, ಕಾಲು ಮಾತ್ರ ಮುಂದೆ ಬರಲೊಲ್ಲದು. ಹಿಗ್ಗಿಸಿದಾಗ ಒಳಗೇನಾದರೂ ಹರಿದರೆ? ಇಸಿಜಿ ಯಂತ್ರವೇ ತಪ್ಪು ತೋರಿಸಿದ್ದರೆ? ಅತ್ತಿಗೆ ಎದುರಿಗೆ ಬಂದು ನಿಂತರು.

"ಉಸಿರು ತಗೊಳ್ಳಪ್ಪ. ನಾನು ಎಣಸ್ತೀನಿ."

ಇಪ್ಪತ್ತರವರೆಗೆ ಎಣಿಸಿದರು. ಪಕ್ಕೆ ಎಳೆಯಿತು, ಚುಚ್ಚಲಿಲ್ಲ. ದಿನಾ ಎರಡು ಹೊತ್ತು ಹೀಗೇ ನಡೆಯಿತು. ಹದಿನೈದು ದಿನಕ್ಕೆ ಬಿಗಿತ ಸಡಿಲವಾಯಿತು.

ಒಂದು ಬೆಳಿಗ್ಗೆ ಅತ್ತಿಗೆ, "ಸರೀಪಾ ಸ್ವಲ್ಪ" ಎಂದು ನನ್ನ ಜಾಗದಲ್ಲಿ ತಾವೇ ನಿಂತರು. ಕೈ ಎತ್ತಿದವರು ಅರ್ಧಕ್ಕೇ ಇಳಿಸಿದರು.

"ನನಗೂ ಎದಿ ಹಿಡಕಂತೈತಿ. ನಿಮ್ಮಣ್ಣ ಹೋದಾಗಿಂದ. ಮೆಟ್ಲ ಹತ್ತಿದ್ರ ಜಾಸ್ತಿ."

ಅಣ್ಣ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಅಷ್ಟೂ ದಿನ ಒಂದೇ ಅಂಗಡಿಯಲ್ಲಿ ಕೂತು ನನಗೆ ಗೊತ್ತಾಗಿರಲಿಲ್ಲ. "ಕೈ ಎತ್ತಬ್ಯಾಡ್ರಿ ಅತ್ತಿಗೀ, ಮೊದ್ಲು ಡಾಕ್ಟರಿಗೆ ತೋರ್ಸೋಣ" ಎಂದೆ. ಆಸ್ಪತ್ರೆಯಲ್ಲಿ ಅವರನ್ನು ಪರೀಕ್ಷೆಗೆ ಒಳಗೆ ಕರೆದೊಯ್ದಾಗ, ನಾನು ಹೊರಗಿನ ಬೆಂಚಿನ ಮೇಲೆ ಅವರ ಹಾಗೇ ಇಪ್ಪತ್ತರವರೆಗೆ ಮತ್ತೆ ಮತ್ತೆ ಎಣಿಸುತ್ತ ಕೂತೆ. ಅವರದು ಸ್ನಾಯುವಿನ ತೊಂದರೆಯಲ್ಲ, ಹೃದಯದ್ದೇ. ದಾವಣಗೆರೆಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದೆವು.

ಈಗ ಆರಾಮಾಗಿದ್ದಾರೆ. ಆದರೂ ಅವರು ಸ್ವಲ್ಪ ಹೊತ್ತು ಮಾತಿಲ್ಲದೆ ಕೂತರೆ ನನಗೆ ತಡೆಯುವುದಿಲ್ಲ, ಏನಾತು ಎಂದು ಕೇಳಿಯೇ ಬಿಡುತ್ತೇನೆ.

"ಏನೂ ಆಗಿಲ್ಲ ಬಿಡಪ್ಪ, ಸುಮ್ನ ಕುಂತೀನಿ" ಎಂದು ಬೈಯುತ್ತಾರೆ.