ಸಮುದ್ರ ನೋಡಲು ಹೋದ ಸಿಲಿಂಡರ್

ದಸರಾ ರಜೆಯಲ್ಲಿ ನಾವು ಮಹಾಬಲಿಪುರ, ಪಾಂಡಿಚೇರಿ ಟೂರಿಗೆ ಹೊರಟಾಗ ವ್ಯಾನಿಗೆ ಎಲ್ಲರಿಗಿಂತ ಮೊದಲು ಹತ್ತಿದ್ದು ಯಾರು ಹೇಳಿ? ಗ್ಯಾಸ್ ಸಿಲಿಂಡರ್!

ಅದರ ಹಿಂದೆ ಸ್ಟವ್, ಹತ್ತು ಸೇರು ರಾಗಿ ಹಿಟ್ಟು, ಹುರುಳಿಕಾಳು, ಮುದ್ದೆ ಕೋಲು. ಮಿಕ್ಕ ಜಾಗದಲ್ಲಿ ನಾನು, ಹೆಂಡತಿ, ಮಕ್ಕಳಿಬ್ಬರು, ಚಿಕ್ಕಪ್ಪ, ಚಿಕ್ಕಮ್ಮ. (ಕಿಟಕಿ ಪಕ್ಕದ ಸೀಟು ಸಿಲಿಂಡರಿಗೆ. ಅದಕ್ಕೆ ಗಾಳಿ ಬೇಕಂತೆ.)

ನಮ್ಮ ಚಿಂತಾಮಣಿ ಊರಿನವರನ್ನು ಸ್ವರ್ಗಕ್ಕೆ ಕರೆದರೂ ಅಲ್ಲಿ ಮುದ್ದೆ ಸಿಗುತ್ತಾ ಎಂದು ಕೇಳಿಯೇ ಹೊರಡುತ್ತಾರೆ. ನಮ್ಮ ಚಿಕ್ಕಪ್ಪನದು ಇನ್ನೂ ಒಂದು ಕೈ ಮೇಲೆ. “ಹೋಟ್ಲೂಟ ನಮ್ಗೆ ಆಗಲ್ಲಪ್ಪ. ನಿನ್ ಚಿಕ್ಕಮ್ಮ ಇದಾಳಲ್ಲ” ಎಂದರು.

ಚಿಕ್ಕಮ್ಮ ಕೇಳಿದ್ದು ಒಂದೇ. “ಅರವತ್ತು ವರ್ಷ ಆಯ್ತು ಕಣಪ್ಪ, ಸಮುದ್ರ ನೋಡಿಲ್ಲ. ಒಂದ್ಸಲ ಅದ್ರಲ್ಲಿ ಕಾಲಿಟ್ಟು ಬರ್ತೀನಿ, ಸಾಕು.” ಅದಕ್ಕೇನಂತೆ ಎಂದೆವು ಎಲ್ಲರೂ.

ಮಹಾಬಲಿಪುರದಲ್ಲಿ ಡ್ರೈವರ್ ಗಾಡಿಯನ್ನು ಸರ್ವೆ ಮರಗಳ ನೆರಳಿಗೆ ಹಾಕಿದ. ಚಿಕ್ಕಮ್ಮ ಸ್ಟವ್ ಹಚ್ಚಿದರು. ನಾವು ಕಲ್ಲಿನ ರಥ ನೋಡಿದೆವು, ದಂಡೆಯ ಗುಡಿ ನೋಡಿದೆವು, ಅಲೆಯಲ್ಲಿ ಬಿದ್ದು ಎದ್ದೆವು. ಚಿಕ್ಕಪ್ಪ ಮಾತ್ರ ಅಲ್ಲಿಯ ದೊಡ್ಡ ಕಲ್ಲುಗುಂಡಿನ ಮುಂದೆ ನಿಂತು, “ಇಂಥವು ನಮ್ಮೂರ ಅಂಬಾಜಿದುರ್ಗದ ಬೆಟ್ಟದಲ್ಲಿ ಕೇಳೋರಿಲ್ದೆ ಬಿದ್ದವೆ” ಎಂದು ಪಲ್ಲವರ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸಿದರು. (ಅವರು ಅಂಬಾಜಿದುರ್ಗ ಹತ್ತಿದ್ದನ್ನು ಕಂಡವರಿಲ್ಲ.)

ಹಸಿದು ಬಂದೆವು, ಉಂಡೆವು. ಚಿಕ್ಕಮ್ಮ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. “ಪಾಂಡಿಚೇರೀಲೂ ಸಮುದ್ರ ಇದೆ ಬಿಡಿ ಚಿಕ್ಕಮ್ಮ” ಎಂದೆ ನಾನು. ಸಮುದ್ರ ಏನು ಓಡಿಹೋಗುತ್ತದೆಯೇ?

ಪಾಂಡಿಚೇರಿ! ಫ್ರೆಂಚರು ಕಟ್ಟಿದ ಬೀದಿ, ಹಳದಿ ಗೋಡೆ, ಮೇಲೆ ಕಾಗದದ ಹೂವಿನ ಬಳ್ಳಿ. ಅಂಥದೊಂದು ಗೋಡೆಯ ಬುಡದಲ್ಲಿ ನಮ್ಮ ಹುರುಳಿ ಸಾರಿಗೆ ಒಗ್ಗರಣೆ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದ ಫಾರಿನರ್ ಒಬ್ಬ ಸೀನುತ್ತಲೇ ಚಿಕ್ಕಮ್ಮನ ಫೋಟೋ ತೆಗೆದ. ಅವನ ಆಲ್ಬಮ್ಮಿನಲ್ಲಿ ಚಿಕ್ಕಮ್ಮ ಇದ್ದಾರೆ. ನಮ್ಮ ಮೂವತ್ತಾರು ಫೋಟೋದ ರೀಲಿನಲ್ಲಿ ಒಂದರಲ್ಲೂ ಇಲ್ಲ.

ಕೊನೆಯ ದಿನ ಊರಾಚೆಯ ಮರಳಿನ ಬೀಚಿನಲ್ಲಿ ನಿಲ್ಲಿಸಿದೆವು. ಊಟ ಆದ ತಕ್ಷಣ ಸೀದಾ ಚಿಂತಾಮಣಿ ಎಂದ ಡ್ರೈವರ್. ನಾವು ನೀರಿನಿಂದ ಎದ್ದು ಬಂದು ತಟ್ಟೆ ಹಿಡಿದು ಕೂತೆವು. ಎಸರು ಕುದಿದಿತ್ತು, ಹಿಟ್ಟು ಬಿದ್ದಿತ್ತು. ಮುದ್ದೆ ಗೊತ್ತಿರುವವರಿಗೆ ಹೇಳಬೇಕೇ? ಹಿಟ್ಟು ಬಿದ್ದ ಮೇಲೆ ಮನೆಗೆ ಬೆಂಕಿ ಹತ್ತಿದರೂ ಕೋಲು ಬಿಡುವಂತಿಲ್ಲ.

ಚಿಕ್ಕಮ್ಮ ಕೋಲು ಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನ ಕಡೆ ನಡೆದೇಬಿಟ್ಟರು.

“ಏಯ್, ಗಂಟಾಗ್ತದೆ ಕಣೇ!” ಚಿಕ್ಕಪ್ಪ ಕೂಗಿದರು.

“ಆಗ್ಲಿ, ಪೋನೀಲೆ! ಹೋದ್ರೆ ಹೋಗ್ಲಿ!” ಚಿಕ್ಕಮ್ಮ ತಿರುಗಿಯೂ ನೋಡಲಿಲ್ಲ.

ಮೊಣಕಾಲುದ್ದ ನೀರಿನಲ್ಲಿ ನಿಂತು, ಅಲೆ ಬಂದಾಗಲೆಲ್ಲ ಕಿರುಚಿ ನಗುತ್ತಿದ್ದರು. ಮೂರು ದಿನದಲ್ಲಿ ಅವರ ನಗು ಕೇಳಿದ್ದು ಅದೇ ಮೊದಲು. ನನಗೆ ನಿಜಕ್ಕೂ ನಾಚಿಕೆಯಾಯಿತು. (ಎದ್ದು ಹೋಗಿ ಕೋಲು ಹಿಡಿಯುವಷ್ಟೇನೂ ಆಗಲಿಲ್ಲ.) ಸೀದು ಗಂಟುಗಂಟಾದ ಮುದ್ದೆಯನ್ನು ಚಿಕ್ಕಪ್ಪ ಸಾರಿನಲ್ಲಿ ಅದ್ದಿ ಅದ್ದಿ ನುಂಗಿದರು.

ಟೂರ್ ಹೋಗುವುದು ಒಂದು ಚೇಂಜಿಗೆ ಅನ್ನುತ್ತೇವೆ. ಯಾರಿಗೆ ಚೇಂಜು? ಅಡುಗೆಮನೆಯನ್ನೇ ಹೊತ್ತುಕೊಂಡು ಹೋದರೆ ಒಲೆ ಮುಂದೆ ಕೂತವರಿಗೆ ಮಹಾಬಲಿಪುರ ಯಾವುದು, ಪಾಂಡಿಚೇರಿ ಯಾವುದು?

ಮೊನ್ನೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಚಿಕ್ಕಪ್ಪ ಭಾರಿ ಹುರುಪಿನಲ್ಲಿದ್ದರು. “ಈ ಸಲ ಗೋವಾಗೆ ಹೋಗಣ ಕಣೋ. ಸಿಲಿಂಡರ್ ನಾನು ತರ್ತೀನಿ.”

ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟು ಹೇಳಿದರು: “ಸಿಲಿಂಡರ್ ಜೊತೆ ನೀವು ವ್ಯಾನಲ್ಲಿ ಹೋಗಿ, ನಾನು ಬಸ್ಸಲ್ಲಿ ಹೋಗ್ತೀನಿ.”