ನಮ್ಮ ಮನೆ ಅಕ್ಕನ ಪಾಲಿಗೆ ಬಂದಿತ್ತು

ಮೊನ್ನೆ ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಚರಂಡಿ ಕೆಲಸಕ್ಕೆ ಬಂದವರು ಮೊಂಡಾದ ಉಳಿಗಳನ್ನು ಕೆಂಡದಲ್ಲಿ ಕಾಸಿ, ಬಡಿದು, ಬಕೆಟ್ಟಿನ ನೀರಿಗೆ ಅದ್ದುತ್ತಿದ್ದರು. ಚುಸ್ಸೆಂದು ಹಬೆ ಎದ್ದಿತು. ಸುಟ್ಟ ಕಬ್ಬಿಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿದ್ದ ಸೊಪ್ಪಿನ ಚೀಲ ಹಿಡಿದುಕೊಂಡು ನಿಂತೇಬಿಟ್ಟೆ. ಕುಲುಮೆಯಜ್ಜನ ಮಗಳು ನೆನಪಾದಳು. ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಈಗಲೂ ಆಯಿತು.

ಎಪ್ಪತ್ತರ ದಶಕದ ಮಾತು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯ ಒಂದು ಊರಿಗೆ ನಾನು ಸೊಸೆಯಾಗಿ ಹೋಗಿದ್ದೆ. ನಮ್ಮದು ನಾಲ್ಕಾರು ಜೊತೆ ಎತ್ತಿನ ದೊಡ್ಡ ಬೇಸಾಯ. ನೇಗಿಲ ಕುಳ, ಕುಡುಗೋಲು, ಎಲ್ಲವೂ ಕುಲುಮೆಯಜ್ಜನ ಹತ್ತಿರವೇ ಹೋಗಬೇಕು. ವರ್ಷವಿಡೀ ಆತ ದುಡ್ಡು ಮುಟ್ಟುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಒಯ್ಯುತ್ತಿದ್ದ. ಅದಕ್ಕೆ ಆಯ ಎನ್ನುತ್ತಿದ್ದರು. ಊರಿನ ಯಾವ ಯಾವ ಮನೆಯ ಕೆಲಸ ಯಾರದು ಎಂಬುದೂ ಅವರಲ್ಲಿ ಹೊಲ ಮನೆಯಂತೆ ಆಸ್ತಿಯೇ. ಅಪ್ಪನಿಂದ ಮಗನಿಗೆ ಬರುತ್ತಿತ್ತು, ಅಣ್ಣತಮ್ಮಂದಿರಲ್ಲಿ ಪಾಲಾಗುತ್ತಿತ್ತು. ಅಜ್ಜನಿಗೂ ಅವರ ತಾತ ಮುತ್ತಾತಂದಿರ ಕಾಲದಿಂದ ಹಾಗೆಯೇ ಬಂದಿತ್ತು.

ಅಜ್ಜನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳು ಗಂಡ ಸತ್ತ ಮೇಲೆ ಎಳೆಗೂಸು ಕಟ್ಟಿಕೊಂಡು ತವರಿಗೆ ಬಂದಿದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅಜ್ಜನ ಕೈ ನಡುಗತೊಡಗಿದ ಮೇಲೆ ಆತ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಕೂರುವುದು, ಅವಳು ಸೆರಗು ಬಿಗಿದು ಸುತ್ತಿಗೆ ಎತ್ತುವುದು. ಊರಿನ ಅರ್ಧ ಕುಳಗಳು ಅವಳ ಪೆಟ್ಟಿಗೇ ಮೊನೆಯಾಗುತ್ತಿದ್ದವು. ಎದುರಿಗೆ ಅಪ್ಪ ಕೂತಿರುತ್ತಿದ್ದನಲ್ಲ, ಯಾರೂ ಚಕಾರ ಎತ್ತುತ್ತಿರಲಿಲ್ಲ.

ಅಜ್ಜ ಹಾಸಿಗೆ ಹಿಡಿದಾಗ ನಮ್ಮ ಮಾವನಿಗೆ ಹೇಳಿಕಳಿಸಿದ. ಗಂಜಿ ತೆಗೆದುಕೊಂಡು ನಾನೂ ಹಿಂದೆ ಹೋಗಿದ್ದೆ. ಮಗ, ಮಗಳು ಇಬ್ಬರೂ ಅಲ್ಲೇ ಇದ್ದರು.

"ಗೌಡ್ರೆ, ಕುಲುಮೆ, ಬಡಿಯೋ ಅಡಿಗಲ್ಲು, ಊರಿನ ಮನೆಗಳು ಎಲ್ಲಾ ಮಗನಿಗೆ. ಹಿತ್ತಲಾಗಿರೋ ಸಣ್ಣ ತಿದಿ, ಒಂದು ಸುತ್ತಿಗೆ, ನಿಮ್ಮನೆ... ಇಷ್ಟು ನನ್ನ ಮಗಳಿಗೆ. ನಿಮ್ಮನೆ ಕಾಳು ಬಂದ್ರೆ ತಾಯಿ ಮಗೀಗೆ ಸಾಕು. ಒಪ್ಕಳ್ರಿ."

"ಆತು ಬಿಡ್ರಿ ಆಚಾರ್ರೆ," ಎಂದರು ಮಾವ. "ನಮ್ಮನೆ ಕಬ್ಬಿಣ ಇನ್ನ ಆಕೆ ಕೈಯಾಗೆ."

ಅಜ್ಜ ಕೈ ಮುಗಿದ. ಮಗನೂ ಎದುರಾಡಲಿಲ್ಲ. ಎರಡು ಮೂರು ದಿನದಲ್ಲಿ ಅಜ್ಜ ಹೋಗಿಬಿಟ್ಟ.

ಮುಂಗಾರಿನ ಮೊದಲ ಉಳುಮೆ ಹತ್ತಿರ ಬಂತು. ಕುಳಗಳನ್ನೆಲ್ಲ ಬಿಚ್ಚಿ ಜಗಲಿಯ ಮೇಲೆ ಇಟ್ಟಿದ್ದರು. ನಮ್ಮತ್ತೆ ಒಳಗಿನಿಂದಲೇ ಹೇಳಿದರು: "ಮನೆಯಾಗೆ ಬಸುರಿ ಹೆಂಗ್ಸು ಐದಾಳೆ. ವರ್ಷದ ಮೊದಲ ನೇಗ್ಲಿಗೆ ಗಂಡ ಸತ್ತೋಳು ಬಡಿದ ಕುಳ ಬ್ಯಾಡ. ಇದೊಂದ್ ಸಲ ಅವಳಣ್ಣನತ್ರ ಕೊಡ್ರಿ."

ಮಾವ ನನ್ನ ಮುಖ ನೋಡಿದರು. ಈ ನೋಟದ ವಿಷಯ ನಾನು ಯಾರಿಗೂ ಹೇಳಿಲ್ಲ. ಬಸುರಿ ನಾನೇ; ಅಕ್ಕನೇ ಬಡಿಯಲಿ ಎಂದಿದ್ದರೆ ನನ್ನ ಮಾತನ್ನು ಅವರು ತೆಗೆದುಹಾಕುತ್ತಿರಲಿಲ್ಲ. ಓದಿದವಳು ನಾನು, ಎಸ್ಸೆಸ್ಸೆಲ್ಸಿ ಪಾಸಾದವಳು, ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು. ಆದರೆ ಅತ್ತೆಯ ಭಯ ನನಗೂ ಒಳಗೊಳಗೇ ಇತ್ತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮಾವನಿಗೆ ಅಷ್ಟೇ ಸಾಕಾಯಿತು, ಆಳಿನ ಹೆಗಲಿಗೆ ಕುಳಗಳನ್ನು ಏರಿಸಿ ದೊಡ್ಡ ಕುಲುಮೆಗೆ ಕಳಿಸಿದರು.

ಆಮೇಲೆ ನಾನು ನೀರಿಗೆ ಹೋಗುವಾಗ ಅಕ್ಕ ತನ್ನ ಹಿತ್ತಲಲ್ಲಿ ಕೆಂಡ ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಇದ್ದಿಲಿನ ಗುಡ್ಡೆ, ತೊಳೆದಿಟ್ಟ ಸುತ್ತಿಗೆ.

"ಕುಳ ಇವತ್ತು ಬರ್ತಾವೇನಮ್ಮ?"

"ಗೊತ್ತಿಲ್ಲಕ್ಕ," ಎಂದೆ.

ಇದೊಂದು ಸಲ ಎಂದದ್ದು ಹಾಗೆಯೇ ಉಳಿಯಿತು. ಅಭ್ಯಾಸವಾಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಮತ್ತೆ ಆ ಮಾತು ತೆಗೆಯುವ ಮುಖ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸುಗ್ಗಿ ಬಂದಾಗ ಮಾವ ಒಂದು ಚೀಲ ರಾಗಿಯನ್ನು ಅಕ್ಕನಿಗೆಂದು ಬೇರೆ ಇಡಿಸಿ, ನನ್ನ ಜೊತೆ ಆಳನ್ನು ಕಳಿಸಿದರು. ನನ್ನ ಕಂಕುಳಲ್ಲಿ ಕೂಸು ಇತ್ತು. ಅಕ್ಕ ಮೊದಲು ಕೂಸನ್ನು ನೋಡಿ ನಕ್ಕಳು, ಚೆನ್ನಾಗೈತಲ್ಲ ಎಂದಳು. ಎತ್ತಿಕೊಳ್ಳಲು ಕೈ ಚಾಚಿದವಳು, ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡಳು. ನಾನಾದರೂ ಕೊಡಬಹುದಿತ್ತು...

ಚೀಲವನ್ನು ಅವಳು ಇಳಿಸಗೊಡಲಿಲ್ಲ. "ನಮ್ಮಪ್ಪ ನಂಗೆ ಬಿಟ್ಟೋಗಿದ್ದು ಕೆಲ್ಸ ಕಣಮ್ಮ. ಬಡೀದೆ ತಿಂದ್ರೆ ಭಿಕ್ಷೆ ಆಗ್ತೈತೆ. ಗೌಡ್ರಿಗೆ ಬ್ಯಾಸ್ರ ಮಾಡ್ಕಬ್ಯಾಡ್ರಿ ಅಂತ ಹೇಳು."

ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಚೀಲ ವಾಪಸು ಬಂತು. ಅದರ ರಾಗಿಯನ್ನೇ ನಾವು ಬೀಸಿ ಉಂಡೆವು ಎಂಬುದನ್ನೂ ಇಲ್ಲಿ ಬರೆಯಬೇಕು. ಆ ಬೇಸಿಗೆಯಲ್ಲೇ ಅಕ್ಕ ಮಗಳ ಕೈ ಹಿಡಿದು ಹೊಳಲ್ಕೆರೆಗೆ ಹೋದಳು, ಅಡಿಕೆ ಮಂಡಿಯ ಕೂಲಿಗೆ. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಹೋದ ವರ್ಷ ಹೊಳಲ್ಕೆರೆಯ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಗಸು ನನ್ನ ಊರು, ಮನೆತನ ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು. ಅಕ್ಕನ ಮಗಳು ಅವಳು. ಅಕ್ಕ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತಂತೆ.

"ಅಯ್ಯೋ, ನಮ್ಮವ್ವನ ಪಾಲಿನ ಮನೆಯೋರು ನೀವು! ಊರು ಬಿಡೋ ತನಕ ನಿಮ್ಮನೆ ಕುಳ ಎಲ್ಲಾ ಆಕೇನೇ ಬಡೀತಿದ್ಲಂತಲ್ಲ? ಗೌಡ್ರು ಕೊಟ್ಟ ಮಾತು ನಡೆಸಿದ್ರು ಅಂತ ಸಾಯೋ ತನಕ ಹೇಳ್ತಿದ್ಲು."

ಎಲೆಯ ಮೇಲೆ ಅನ್ನ ಆರುತ್ತಿತ್ತು. ಆಗಲಾದರೂ ನಿಜ ಹೇಳಬಹುದಿತ್ತು.

"ಹೌದಮ್ಮ," ಎಂದೆ. "ಎಲ್ಲಾ ಆಕೇನೇ ಬಡೀತಿದ್ಲು."