ಈಜುಡುಗೆಗೆ ಅಸ್ತರ ಹಚ್ಚಿದ್ದು

ನಲವತ್ತೇಳನೆಯ ವಯಸ್ಸಿಗೆ ನನ್ನ ಎರಡೂ ಮೊಣಕಾಲುಗಳು ಮಾತು ಕೇಳುವುದನ್ನು ಬಿಟ್ಟವು. ಗೋವಾದ ಫಾತೋರ್ಡಾದಲ್ಲಿ ನಮ್ಮದು ಎರಡನೆಯ ಮಹಡಿಯ ಮನೆ, ಲಿಫ್ಟ್ ಇಲ್ಲ. ಕೆಲಸ ವಾಸ್ಕೋದ ಒಂದು ಹಡಗು ಏಜೆಂಟರ ಕಚೇರಿಯಲ್ಲಿ. ದಿನವೂ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲಿನ ಅಪ್ಪಣೆಗೆ ಕಾಯುತ್ತ ನಿಂತರೆ ಹಿಂದಿನಿಂದ ಕಂಡಕ್ಟರ್ “ಬೆಗಿನ್, ಬೆಗಿನ್” ಎಂದು ಕೊಂಕಣಿಯಲ್ಲಿ ಅವಸರಪಡಿಸಿ ಕೂಗುತ್ತಿದ್ದ. ಡಾಕ್ಟರು ಎಕ್ಸ್‌ರೇ ನೋಡಿ, ನಡೆಯಬೇಡಿ, ಓಡಬೇಡಿ, ಮೂರು ತಿಂಗಳು ಈಜಿ, ಅದರಲ್ಲೂ ಗುಣ ಕಾಣದಿದ್ದರೆ ಸೂಜಿ ಚುಚ್ಚೋಣ ಎಂದರು. ಸೂಜಿ ಚುಚ್ಚುವುದು ತೋಳಿಗಲ್ಲ, ಮೊಣಕಾಲಿನ ಸಂದಿಗೇ ಎಂದು ತಿಳಿದ ಕ್ಷಣವೇ ಈಜು ಬಹಳ ಸುಲಭದ ವಿದ್ಯೆ ಎನಿಸಿತು.

ನಿಜ ಹೇಳಬೇಕೆಂದರೆ ಡಾಕ್ಟರು ಒಂದು ನೆಪ. ಧಾರವಾಡದಿಂದ ಮದುವೆಯಾಗಿ ಗೋವಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ನೀರು ನನ್ನ ಕಣಕಾಲು ದಾಟಿ ಮೇಲೆ ಬಂದಿರಲಿಲ್ಲ. ಊರಿನಿಂದ ಬಂದ ನೆಂಟರೆಲ್ಲ ಸಮುದ್ರ ಕಂಡೊಡನೆ ಉಟ್ಟ ಸೀರೆಯಲ್ಲೇ ಹೋಗಿ ತೆರೆಯಲ್ಲಿ ಕುಳಿತುಬಿಡುತ್ತಾರೆ. ಅವರು ನಾಳೆ ರೈಲು ಹತ್ತುವವರು, ಯಾರು ನೋಡಿದರೇನು! ನಾನು ಇಲ್ಲೇ ಇರುವವಳು, ಬ್ಯಾಂಕಿನವರ ಹೆಂಡತಿ, ನಾಲ್ಕು ಮಂದಿ ಗುರುತಿನವರು. ಹೀಗಾಗಿ ಮರಳಿನ ಮೇಲೆ ಕುಳಿತು ಎಲ್ಲರ ಸಾಮಾನು ಕಾಯುವುದು ನನ್ನ ಪಾಲಿಗೆ ಬಂತು. ಒಮ್ಮೆಯಾದರೂ ಕತ್ತಿನವರೆಗೆ ನೀರಿನಲ್ಲಿ ಇಳಿಯಬೇಕು ಎಂಬ ಆಸೆ ಇತ್ತು. ಯಾರಿಗೂ ಹೇಳಿರಲಿಲ್ಲ, ನಾಚಿಕೆಯಾಗುತ್ತಿತ್ತು.

ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಈಜುಕೊಳವಿದೆ. ಬೆಳಿಗ್ಗೆ ಹೆಂಗಸರದೇ ಒಂದು ಬ್ಯಾಚು, ಕಲಿಸುವವಳೂ ಹೆಣ್ಣುಮಗಳು. ಹೆಸರು ಬರೆಸಿದೆ. ಒಂದನೆಯ ತಾರೀಖಿಗೆ ಶುರು, ಇದು ತಪ್ಪಿದರೆ ಮುಂದಿನದು ಮಳೆಗಾಲ ಮುಗಿದ ಮೇಲೆ. ಕೌಂಟರಿನಲ್ಲಿದ್ದವನು ಗೋಡೆಯ ಮೇಲಿನ ಫಲಕದ ಕಡೆ ಬೆರಳು ತೋರಿಸಿದ. ಈಜುಡುಗೆ ಕಡ್ಡಾಯ, ಹತ್ತಿಬಟ್ಟೆ, ಸಲ್ವಾರ್ ಮತ್ತು ನೈಟಿಗೆ ಪ್ರವೇಶವಿಲ್ಲ ಎಂದಿತ್ತು. ನೈಟಿಯನ್ನು ಬೇರೆಯಾಗಿ ಹೆಸರಿಸಿ ಬರೆಯಬೇಕಾಗಿ ಬಂದಿದೆ ಎಂದರೆ ನನಗಿಂತ ಮೊದಲೇ ನಮ್ಮ ಕಡೆಯ ಯಾವಳೋ ಪುಣ್ಯಾತ್ಗಿತ್ತಿ ಇಳಿದು ನೋಡಿರಬೇಕು.

ಕೈಯಲ್ಲಿ ಮೂರು ವಾರವಿತ್ತು. ಒಂದು ಉಡುಗೆ ಕೊಳ್ಳಲು ಮೂರು ವಾರ ಯಾಕೆ ಬೇಕು ಎಂದುಕೊಂಡೆ.

ಮಡಗಾಂವದ ಮೊದಲ ಅಂಗಡಿಯಲ್ಲಿ ಸೇಲ್ಸ್ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಅಟ್ಟದ ಕಡೆ ಮುಖ ಮಾಡಿ, ಬೀದಿಗೆಲ್ಲ ಕೇಳುವಂತೆ “ಆಂಟಿ ಕೇ ಲಿಯೇ ಫೋರ್ ಎಕ್ಸೆಲ್ ನಿಕಾಲ್ ರೇ!” ಎಂದು ಕೂಗಿದಳು. ಧಾರವಾಡದಲ್ಲಿ ನನ್ನನ್ನು ಕಂಡವರು “ಮೈಕೈ ತುಂಬ್ಕೊಂಡು ಈಗ ಚಲೋ ಕಾಣ್ತಿ ನೋಡವಾ” ಎನ್ನುತ್ತಾರೆ. ಅದೇ ಮೈಕೈ ಇಲ್ಲಿ ಅಟ್ಟದಿಂದ ಇಳಿಯಬೇಕಾಯಿತು. ಇಳಿದು ಬಂದ ಆ ಫೋರ್ ಎಕ್ಸೆಲ್ ನನ್ನ ತೊಡೆ ದಾಟಲಿಲ್ಲ.

ಅಲ್ಲಿಂದ ನಲವತ್ತು ಹೆಜ್ಜೆಯ ಮೇಲೆ ಎರಡನೆಯ ಅಂಗಡಿ. ಅಲ್ಲಿಯ ಬರೀ ‘ಎಲ್’ ನನ್ನ ಮೈಮೇಲೆ ಜೋಳಿಗೆಯ ಹಾಗೆ ಜೋತುಬಿತ್ತು. ನಲವತ್ತು ಹೆಜ್ಜೆಯೊಳಗೆ ನಾಲ್ಕು ಎಕ್ಸ್ ಕಳೆದುಕೊಂಡವಳು ಇಡೀ ದಕ್ಷಿಣ ಗೋವಾದಲ್ಲಿ ನಾನೊಬ್ಬಳೇ ಇರಬೇಕು. ಮೂರನೆಯದು ಕಡಲ ದಂಡೆಯ ಅಂಗಡಿ. ಅಲ್ಲಿ ಒಂದೇ ಚೀಟಿಯ ಮೇಲೆ ಒಂದು ದೇಶಕ್ಕೆ ಹದಿನಾಲ್ಕು, ಇನ್ನೊಂದಕ್ಕೆ ನಲವತ್ತೆರಡು, ಮತ್ತೊಂದಕ್ಕೆ ಮೀಡಿಯಂ ಎಂದು ಬರೆದಿತ್ತು. ಮೂರು ದೇಶದ ಮೂವರು ಹೆಂಗಸರಿಗೂ ಅದು ಹೊಂದುತ್ತಿತ್ತೋ ಏನೋ, ನನಗೆ ಹೊಂದಲಿಲ್ಲ. ಕೊನೆಗೆ ಮೊಬೈಲಿನಲ್ಲಿ ‘ಫ್ರೀ ಸೈಜ್’ ತರಿಸಿದೆ. ಅದು ಮುಷ್ಟಿಯಷ್ಟು ಪೊಟ್ಟಣದಲ್ಲಿ ಬಂತು. ನನ್ನ ಗಂಡ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನ ತಲಿಗೆ ಹಾಕ್ಕೊಳ್ಳೋದೇನ?” ಎಂದು ಕೇಳಿದರು.

ನನಗೆ ಸಿಟ್ಟು ಬಂದದ್ದು ಆ ಪ್ರಶ್ನೆಗಲ್ಲ, ಅದನ್ನು ಕೇಳಿದವರ ಅಂಗಿಗೆ. ಈ ಮನುಷ್ಯ ಬೆಳಗಾವಿಯಲ್ಲಿ ಕಾಲೇಜು ಓದುವಾಗಿನಿಂದ ‘ನಲವತ್ತು’. ಪಣಜಿಗೆ ಹೋಗಲಿ, ಹುಬ್ಬಳ್ಳಿಗೆ ಹೋಗಲಿ, ಅಂಗಡಿಯ ಬಾಗಿಲಲ್ಲಿ ನಿಂತು ನಲವತ್ತು ಎಂದರೆ ಸಾಕು, ಎರಡು ನಿಮಿಷದಲ್ಲಿ ಅಂಗಿ ಕೈಗೆ ಬರುತ್ತದೆ, ಮೈಗೂ ಬರುತ್ತದೆ. ನಡುವೆ ಹೊಟ್ಟೆ ಎಷ್ಟು ಬೆಳೆದರೂ ಇವರು ನಲವತ್ತೇ. ಗಂಡಸರ ಬಟ್ಟೆಗೆ ಇಂಚು ಎಂದರೆ ಇಂಚು. ನಮ್ಮ ಬಟ್ಟೆಗೆ ಅದು ಅವರವರ ಅಭಿಪ್ರಾಯ.

ನಾಲ್ಕನೆಯ ಅಂಗಡಿಯ ಕಥೆ ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ. ಅಲ್ಲಿಯ ಉಡುಗೆ ಒಳ ಅಂಗಿಯ ಮೇಲೆಯೇ ಹೇಗೋ ಏರಿತು. ತೆಗೆಯಲು ಬಗ್ಗಿದೆ, ಮೊಣಕಾಲು ಅಲ್ಲಿಯೇ ಹಿಡಿದುಕೊಂಡಿತು. ಟ್ರಯಲ್ ರೂಮಿನ ಕನ್ನಡಿಗೆ ಹಣೆ ಹಚ್ಚಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದೆ. ಹೊರಗಿನಿಂದ ಹುಡುಗಿ, “ಆಂಟೀ, ಹೋ ಗಯಾ ಕ್ಯಾ?” ಎಂದಳು. “ಹೋ ಗಯಾ, ಲೇಕಿನ್ ನಿಕಲ್ತಾ ನಹೀ” ಎಂದೆ. ಅವಳು ಒಳಗೆ ಬಂದು, ಕಬ್ಬಿನ ಸಿಪ್ಪೆ ಸುಲಿದ ಹಾಗೆ ಸುಲಿದು ನನ್ನನ್ನು ಬಿಡಿಸಿದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಂಗಡಿಯವರದು ತಪ್ಪಲ್ಲ, ಬಟ್ಟೆಯದೂ ಅಲ್ಲ, ನನ್ನ ಮೈಯೇ ತಪ್ಪು ಎನಿಸಿತ್ತು.

ಉಳಿದದ್ದು ಒಂದು ವಾರ. ಆಗ ನೆನಪಾದವಳು ನನ್ನ ದರ್ಜಿ. ವಿಜಯಪುರದ ಕಡೆಯವಳು, ಗಂಡ ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡುತ್ತಾನೆ, ಇವಳು ಒಂದು ಕೋಣೆಯ ಮನೆಯಲ್ಲೇ ಮಷೀನು ಇಟ್ಟುಕೊಂಡಿದ್ದಾಳೆ. ನನ್ನ ಕುಬಸಗಳೆಲ್ಲ ಹತ್ತು ವರ್ಷದಿಂದ ಅವಳ ಕೈಯವೇ. ಹಳೆಯದೊಂದು ಅಳತೆ ಕುಬಸ ಕೊಟ್ಟು ಬಂದರೆ ಮುಗಿಯಿತು, ಎಲ್ಲಿ ಎಷ್ಟು ಬಿಡಬೇಕೆಂದು ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಾಳೆ. ಮೊಬೈಲಿನಲ್ಲಿ ಮೊಣಕೈ, ಮೊಣಕಾಲಿನವರೆಗೆ ಮುಚ್ಚುವ ಈಜುಡುಗೆಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಹೊಲಿತೇನ್ರಿ ಅಕ್ಕಾರ. ಆದ್ರ ಇದಕ್ಕ ಅಳತಿ ಬಟ್ಟಿ ಎಲ್ಲಿಂದ ತರ್ತೀರಿ? ಮೈಮ್ಯಾಲೆ ಟೇಪ್ ಹಿಡೀಬೇಕಾಕ್ಕೈತಿ.”

ಟೇಪು ಬಂದೊಡನೆ ನಾನು ಹೊಟ್ಟೆ ಒಳಗೆ ಎಳೆದುಕೊಂಡೆ. “ಬಿಡ್ರಿ, ಬಿಡ್ರಿ, ಉಸುರು ಬಿಡ್ರಿ,” ಎಂದಳು ಅವಳು. “ಇಲ್ಲಿ ಎಳಕೊಂಡ ನಿಂತ್ರ, ನಾಳೆ ನೀರಾಗ ದಿನಾ ಯಾರ ಎಳಕೋತಾರ?”

ಹಿಗ್ಗುವ ಕಪ್ಪು ಬಟ್ಟೆಯನ್ನು ನಾನೇ ಮಡಗಾಂವದಿಂದ ತಂದುಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ಮುಖ ಕಿವುಚಿದಳು. “ಭಾಳ ತೆಳ್ಳಗ ಐತಲ್ರಿ. ಅಸ್ತರ ಹಚ್ಚಬೇಕು. ಅಸ್ತರ ಇಲ್ದ ಮನಿತನಸ್ತರ ಬಟ್ಟಿ ನಾ ಹೊಲಿಯೂದಿಲ್ರಿ.”

ಬೇಡ ಎಂದು ನಾನು ಹೇಳಬೇಕಿತ್ತು. ಗೋಡೆಯ ಫಲಕ ಓದಿದವಳು ನಾನು. ಆದರೆ ನನಗೂ ಅವಳ ಮಾತೇ ಸರಿ ಎನಿಸಿತು. ಹುಟ್ಟಿದಾಗಿನಿಂದ ಅಸ್ತರವಿಲ್ಲದ ಕುಬಸ ತೊಟ್ಟವಳಲ್ಲ. ಹತ್ತಿಬಟ್ಟೆ ಬೇಡ ಎಂದರೆ ಹೊರಗಿನ ಬಟ್ಟೆ ಹತ್ತಿಯದಾಗಬಾರದು, ಅಷ್ಟೇ ಅಲ್ಲವೇ? ಅಸ್ತರವನ್ನು ಬಟ್ಟೆ ಎಂದು ಯಾರು ಎಣಿಸುತ್ತಾರೆ! ಅವಳು ಒಳ್ಳೆಯ ದಪ್ಪ ಬಿಳಿ ಹತ್ತಿಬಟ್ಟೆ ತೆಗೆದು, ಅದು ಹಿಗ್ಗುವುದಿಲ್ಲವೆಂದು ಒಂದಿಷ್ಟು ಸಡಿಲವಾಗಿಯೇ ಕತ್ತರಿಸಿದಳು. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲು ಇರಲಿ ಎಂದು ಹೊಲಿಗೆಯ ಒಳಗೆ ಎರಡು ಇಂಚು ಹೆಚ್ಚಿಗೆ ಬೇರೆ ಬಿಟ್ಟಳು.

ತೊಟ್ಟು ನೋಡಿದೆ. ಎಲ್ಲಿಯೂ ಹಿಡಿಯಲಿಲ್ಲ, ಎಲ್ಲಿಯೂ ಜೋಲಲಿಲ್ಲ. ಭುಜ ಭುಜದ ಜಾಗದಲ್ಲಿತ್ತು, ನಡು ನಡುವಿನ ಜಾಗದಲ್ಲಿತ್ತು. ಅವಳ ಕಪಾಟಿನ ಅರ್ಧ ಕನ್ನಡಿಯಲ್ಲಿ ಮೊದಲು ಮೇಲಿನ ಅರ್ಧ, ಆಮೇಲೆ ಸ್ಟೂಲು ಹತ್ತಿ ಕೆಳಗಿನ ಅರ್ಧ ನೋಡಿಕೊಂಡೆ. ನಾಲ್ಕು ಅಂಗಡಿಗಳಲ್ಲಿ ಎಲ್ಲಿಯೂ ಸಿಗದ ಹೆಂಗಸು ಅಲ್ಲಿ ಎರಡು ಕಂತಿನಲ್ಲಿ ಸಿಕ್ಕಳು. ನನಗೆ ಬಹಳ ಖುಷಿಯಾಯಿತು.

ಒಂದನೆಯ ತಾರೀಖು ಬೆಳಿಗ್ಗೆ ಏಳಕ್ಕೆ ಕೊಳದ ದಂಡೆಯಲ್ಲಿ ಆರು ಜನ ಹೆಂಗಸರಿದ್ದೆವು. ಕಲಿಸುವವಳು ಕಡ್ಡಿಯಂಥ ಗೋವೆಯ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನನ್ನ ಉಡುಗೆ ನೋಡಿ “ಮಸ್ತ್ ಆಂಟಿ” ಎಂದಳು. ಮೆಟ್ಟಿಲಿಳಿದು ಸೊಂಟದವರೆಗೆ ಬಂದೆ, ಎದೆಯವರೆಗೆ ಬಂದೆ. ಆಗ ಹೊಟ್ಟೆಯ ಮೇಲೆ ಏನೋ ಮೆಲ್ಲಗೆ ಉಬ್ಬಿತು. ಅಸ್ತರಕ್ಕೂ ಬಟ್ಟೆಗೂ ನಡುವೆ ಸಿಕ್ಕಿಬಿದ್ದ ಗಾಳಿ ದಾರಿ ಕಾಣದೆ ಒಂದೇ ಕಡೆ ಸೇರಿ, ಪೂರಿಯ ಹಾಗೆ ಉಬ್ಬುತ್ತಿತ್ತು. ಕಾಲು ನೆಲ ಬಿಟ್ಟಿತು. ಯಾರೂ ಕಲಿಸದೆಯೇ ನಾನು ಆಕಾಶ ನೋಡುತ್ತ ತೇಲುತ್ತಿದ್ದೆ!

“ಅರೇ, ಆಂಟಿ ಕೋ ತೋ ಆತಾ ಹೈ!” ಎಂದಳು ಹುಡುಗಿ, ನನಗೆ ಮೊದಲೇ ಈಜು ಬರುತ್ತದೆ ಎಂದುಕೊಂಡು. ಉಳಿದ ಐವರು ನನ್ನನ್ನು ಅಸೂಯೆಯಿಂದ ನೋಡಿದರು. ಆ ಅಸೂಯೆಯನ್ನು ಅನುಭವಿಸಲು ನನಗೆ ಸುಮಾರು ಒಂದು ನಿಮಿಷ ಸಿಕ್ಕಿತು.

ಆಮೇಲೆ ಕತ್ತಿನ ಹತ್ತಿರದಿಂದ ಗಾಳಿ ಗೊಳಗೊಳ ಎಂದು ಹೊರಟುಹೋಯಿತು, ಅಸ್ತರ ನೀರು ಕುಡಿಯತೊಡಗಿತು. ಎಷ್ಟು ಕುಡಿಯಿತೆಂದರೆ, ನೆನೆದ ಕೌದಿ ಹೊದ್ದುಕೊಂಡಂತಾಯಿತು. ಮೆಟ್ಟಿಲು ಹಿಡಿದು ಏಳಲು ನೋಡಿದರೆ ನಾನು ಮೇಲೆ ಬರುತ್ತಿದ್ದೆ, ಉಡುಗೆ ನೀರಿನಲ್ಲೇ ಉಳಿಯುತ್ತಿತ್ತು. ಅಸೂಯೆಪಟ್ಟವರಲ್ಲೇ ಇಬ್ಬರು ಒಂದೊಂದು ಕೈ ಹಿಡಿದು, ಹುಡುಗಿ ಹಿಂದಿನಿಂದ ನೂಕಿ, ನನ್ನನ್ನು ದಂಡೆಗೆ ಹಾಕಿದರು. ಎರಡೂ ಕಾಲುಗಳಿಂದ ನಲ್ಲಿ ಬಿಟ್ಟ ಹಾಗೆ ನೀರು ಇಳಿಯುತ್ತಲೇ ಇತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗದೆ ವಿಧಿಯಿರಲಿಲ್ಲ. ಹುಡುಗಿ ಮಾತ್ರ ತೋಳಿನ ಅಂಚು ಮಡಚಿ, ಒಳಗಿನ ಬಿಳಿ ಬಟ್ಟೆ ನೋಡಿ, ನಗು ನಿಲ್ಲಿಸಿದಳು. ಹತ್ತಿಬಟ್ಟೆಯಲ್ಲಿ ಮುಳುಗಿಬಿಡುತ್ತೀರಿ ಆಂಟಿ, ನಾಳೆಯೂ ಇದು ಇದ್ದರೆ ನೀರಿಗೆ ಬಿಡುವುದಿಲ್ಲ, ಹೆಸರು ಹೊಡೆದುಹಾಕಬೇಕಾಗುತ್ತದೆ ಎಂದಳು.

ಕಚೇರಿ ಬಿಟ್ಟವಳೇ ಹಸಿ ಗಂಟು ಹಿಡಿದು ದರ್ಜಿಯ ಮನೆಗೆ ಹೋದೆ. ಜಗಳವಾಡಲೆಂದೇ ಹೋಗಿದ್ದೆ. ಗಾಳಿ ಉಬ್ಬಿದ್ದು, ನೀರು ಕುಡಿದದ್ದು ಹೇಳುತ್ತ ಹೋದಂತೆ ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕು ನಕ್ಕು ಮಷೀನಿನ ಮೇಲೆ ಬಿದ್ದಳು. ಅಸ್ತರ ತೆಗೆದುಬಿಡು ಎಂದೊಡನೆ ಗಂಭೀರವಾದಳು.

“ತಗದ್ರ ಮೈಗೆ ಹತ್ತಿ ಕುಂದರ್ತೈತ್ರಿ ಅಕ್ಕಾರ. ಎಲ್ಲಾ ಕಾಣ್ತೈತಿ.”

“ಎಲ್ಲಾ ಅಂದ್ರ ಏನ ಕಾಣ್ತದ?”

“ಹೊಟ್ಟಿ, ನಡಾ… ಹೆಂಗದೀರಿ ಹಂಗ ಕಾಣ್ತೀರಿ.”

ಅವಳು ಹೇಳಿದ್ದರಲ್ಲಿ ಕೆಡುಕಿರಲಿಲ್ಲ. ಹತ್ತು ವರ್ಷದಿಂದ ನಾನು ಕೊಟ್ಟ ಒಂದೊಂದು ಬಟ್ಟೆಗೂ ಇದನ್ನೇ ಬೇಡಿದ್ದೆ. ಇಲ್ಲಿ ಕಾಣಬಾರದು, ಅಲ್ಲಿ ಮುಚ್ಚಬೇಕು, ಸ್ವಲ್ಪ ಸಡಿಲ ಇರಲಿ. ಅವಳು ನನ್ನ ಮಾತನ್ನೇ ನನಗೆ ಹೇಳುತ್ತಿದ್ದಳು. ಅಂಗಡಿಯ ಹುಡುಗಿ ಕೂಗಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು, ಆದರೆ ಅದಕ್ಕಿಂತ ಹೆಚ್ಚು ವರ್ಷ ನಾನೇ ನನ್ನನ್ನು ಅಡಗಿಸಿ ಇಟ್ಟಿದ್ದೆ. ಬೆಳಗಿನ ಆ ಒಂದು ನಿಮಿಷ ನೆನಪಾಯಿತು. ಮೊಣಕಾಲು ಎರಡೂ ಸುಮ್ಮನಿದ್ದವು, ಕಣ್ಣ ಮುಂದೆ ಬರೀ ಆಕಾಶ. ಅದು ಇನ್ನೊಮ್ಮೆ ಬೇಕಿತ್ತು.

“ಕಾಣ್ಲಿ ಬಿಡು. ಹೆಂಗದೀನಿ ಹಂಗ ಕಾಣ್ಲಿ. ಬಿಚ್ಚು.”

ಅವಳು ನನ್ನನ್ನು ಒಮ್ಮೆ ನೋಡಿ, ಬ್ಲೇಡು ತೆಗೆದುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಲು ಕುಳಿತಳು. ಅರ್ಧ ಬಿಚ್ಚಿದ ಮೇಲೆ, “ಹುಶಾರ್ರಿ ಮತ್ತ,” ಎಂದಳು.

ಮರುದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಿಂದ ಕೊಳದವರೆಗಿನ ಇಪ್ಪತ್ತು ಹೆಜ್ಜೆ ನಡೆಯುವುದು ನನಗೆ ಎರಡು ಮಹಡಿ ಹತ್ತುವುದಕ್ಕಿಂತ ಕಷ್ಟವಾಯಿತು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ನಡುದಾರಿಯಲ್ಲಿ ನೋಡಿದರೆ ಉಳಿದ ಐವರೂ ತಮ್ಮ ತಮ್ಮ ಕೈ ಎಲ್ಲಿಡಬೇಕೋ ತಿಳಿಯದೆ ನಿಂತಿದ್ದರು. ನನ್ನನ್ನು ನೋಡುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ. ನೀರಿಗೆ ಇಳಿದೆ. ಈ ಸಲ ಏನೂ ಉಬ್ಬಲಿಲ್ಲ, ನಾನು ತೇಲಲೂ ಇಲ್ಲ. ಕಾಲೆತ್ತಿದೊಡನೆ ಮುಳುಗಿ, ನೀರು ಕುಡಿದು, ಕೆಮ್ಮುತ್ತ ಎದ್ದೆ. ಎರಡನೆಯ ಸಲವೂ ಅದೇ. ಮೂರನೆಯ ಸಲ ಆ ಕಡ್ಡಿ ಹುಡುಗಿ ಪಕ್ಕಕ್ಕೆ ಬಂದು, ನನ್ನ ಬೆನ್ನ ಕೆಳಗೆ ತನ್ನ ಎರಡೂ ಅಂಗೈ ಹಿಡಿದಳು. ನಾನು ಕಟ್ಟಿಗೆಯ ಹಾಗೆ ಬಿಗಿದುಕೊಂಡಿದ್ದೆ. ಇವಳ ಕೈ ಮುರಿದೀತು ಎಂಬ ಹೆದರಿಕೆಯಿಂದ ಅರ್ಧ ಭಾರವನ್ನು ನಾನೇ ಹೊತ್ತುಕೊಂಡಿದ್ದೆ.

“ಆಂಟೀ,” ಎಂದಳು ಅವಳು, “ಅಪ್ನಾ ಸಾರಾ ವಜನ್ ಮೇರೇ ಕೋ ದೇ ದೋ.”

ತೂಕ ಇಳಿಸಿ ಎಂದವರು ಈ ಜನ್ಮದಲ್ಲಿ ಲೆಕ್ಕವಿಲ್ಲದಷ್ಟು. ಅಷ್ಟನ್ನೂ ನನ್ನ ಕೈಗೆ ಕೊಡಿ ಎಂದು ಕೇಳಿದವಳು ಇವಳೊಬ್ಬಳೇ. ಕೊಟ್ಟೆ.